ನಮ್ಮ ಗೋಡೆಯಾಚೆಯ ಶೆಡ್‌ನವರಿಗೆ ಮಾನವ ಹಕ್ಕು ಇದೆಯಾ?

ಪ್ರಶ್ನೆ: ನಾವು ಮಾರತಹಳ್ಳಿ ಹತ್ತಿರದ ಒಂದು ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಕಾಂಪೌಂಡ್ ಗೋಡೆಯಾಚೆ ಖಾಲಿ ಸೈಟಿನಲ್ಲಿ ಶೀಟ್ ಹಾಕಿದ ಶೆಡ್‌ಗಳಿವೆ. ಕಸ ವಿಂಗಡಿಸುವವರು, ಮನೆಗೆಲಸದವರು, ಸುಮಾರು ಐವತ್ತು ಕುಟುಂಬ. ಬಂಗಾಳಿ ಮಾತಾಡುತ್ತಾರೆ. ಅವರಲ್ಲಿ ಒಬ್ಬಾಕೆ ಮೂರು ವರ್ಷದಿಂದ ನಮ್ಮ ಮನೆಕೆಲಸಕ್ಕೆ ಬರುತ್ತಾಳೆ. ಅಸ್ಸಾಂನವಳು ಅನ್ನುತ್ತಾಳೆ. ಹೋದ ತಿಂಗಳ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಕೆಲವರು, 'ಇವರೆಲ್ಲ ಬಾಂಗ್ಲಾದವರು. ನಮ್ಮ ಬೋರ್‌ವೆಲ್‌ನಿಂದ ಕೊಡುವ ನೀರು ನಿಲ್ಲಿಸಿ, ಓನರ್‌ಗೆ ಹೇಳಿ ಜಾಗ ಖಾಲಿ ಮಾಡಿಸಿ' ಅಂದರು. ನಾನು ಮಾನವ ಹಕ್ಕು ಅಂದದ್ದಕ್ಕೆ, 'ಅದೆಲ್ಲ ಸಿಟಿಜನ್‌ಗಳಿಗೆ ಮಾತ್ರ, ವಿಶ್ವಸಂಸ್ಥೆ ಕಾನೂನು ಇಲ್ಲಿ ನಡೆಯಲ್ಲ' ಎಂಬ ಉತ್ತರ ಬಂತು. ಇದು ನಿಜವಾ? ಆಕೆಯ ಎಂಟು ವರ್ಷದ ಮಗಳನ್ನು ಆಧಾರ್ ಇಲ್ಲವೆಂದು ಶಾಲೆಗೂ ಸೇರಿಸಿಕೊಂಡಿಲ್ಲ. ನಾನೇನು ಮಾಡಬಹುದು?

ಉತ್ತರ: ಮೇಡಂ, ಮೀಟಿಂಗ್‌ನಲ್ಲಿ ನಿಮಗೆ ಬಂದ ಉತ್ತರದ ಮೊದಲ ಭಾಗ ಪೂರ್ತಿ ತಪ್ಪು. ಎರಡನೆಯದು ಅರ್ಧ ಸರಿ. ಆ ಅರ್ಧವನ್ನು ಹಿಡಿದುಕೊಂಡೇ ಜನ ಜಾಸ್ತಿ ತಪ್ಪು ಮಾಡುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

'ಸಿಟಿಜನ್‌ಗಳಿಗೆ ಮಾತ್ರ' ಅನ್ನುವ ಮಾತನ್ನು ಮೊದಲು ನೋಡೋಣ. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿಕೊಂಡಿತು. ಎರಡನೇ ಮಹಾಯುದ್ಧ ಮುಗಿದು ಮೂರೇ ವರ್ಷ ಆಗಿತ್ತು. ಜರ್ಮನಿಯಲ್ಲಿ ಯಹೂದಿಗಳನ್ನು ಕೊಲ್ಲುವ ಮುಂಚೆ ಏನು ಮಾಡಿದ್ದರು ಎಂಬುದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಮೊದಲು ಅವರ ಪೌರತ್ವ ಕಿತ್ತುಕೊಂಡಿದ್ದರು. ಹಕ್ಕನ್ನು ಪೌರತ್ವಕ್ಕೆ ಗಂಟು ಹಾಕಿದರೆ, ಪೌರತ್ವ ಕಿತ್ತುಕೊಂಡ ದಿನವೇ ಮನುಷ್ಯ ಬರಿಗೈಯಾಗುತ್ತಾನೆ. ಅದಕ್ಕೇ ಆ ಘೋಷಣೆಯ ಉದ್ದಕ್ಕೂ 'ಪ್ರತಿಯೊಬ್ಬರಿಗೂ' ಎಂಬ ಮಾತು ಬರುತ್ತದೆ. ಮೊದಲ ವಿಧಿಯ ಕರಡಿನಲ್ಲಿ 'ಎಲ್ಲ ಪುರುಷರು' ಎಂಬರ್ಥದ ಪದ ಇತ್ತು. ಅದನ್ನು 'ಎಲ್ಲ ಮಾನವರು' ಎಂದು ಬದಲಿಸಲು ಹಟ ಹಿಡಿದವರು ನಮ್ಮ ದೇಶದ ಪ್ರತಿನಿಧಿ ಹಂಸಾ ಮೆಹ್ತಾ. ಇದು ಎಲ್ಲಿಂದಲೋ ಬಂದ ಹೊರಗಿನ ಸರಕು ಅನ್ನುವವರಿಗೆ ಈ ಸಂಗತಿಯನ್ನು ನಾನು ಯಾವಾಗಲೂ ಹೇಳುತ್ತೇನೆ.

ಘೋಷಣೆಗೆ ಕಾನೂನಿನ ಬಲ ಇರಲಿಲ್ಲ. ಆ ಬಲ ಬಂದದ್ದು 1966ರ ಎರಡು ಒಡಂಬಡಿಕೆಗಳಿಂದ. ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದು, ಇನ್ನೊಂದು ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳದ್ದು. ಭಾರತ ಎರಡಕ್ಕೂ ಸೇರಿದ್ದು 1979ರ ಏಪ್ರಿಲ್‌ನಲ್ಲಿ. ಮೊದಲನೆಯದರ 2ನೇ ವಿಧಿ ಹೇಳುವುದನ್ನು ನಿಮ್ಮ ಅಸೋಸಿಯೇಷನ್‌ನವರಿಗೆ ಓದಿ ಹೇಳಬಹುದು. ಒಂದು ದೇಶ ತನ್ನ ನೆಲದಲ್ಲಿ, ತನ್ನ ಅಧಿಕಾರದ ಕೆಳಗೆ ಇರುವ ಎಲ್ಲ ವ್ಯಕ್ತಿಗಳಿಗೂ ಈ ಹಕ್ಕುಗಳನ್ನು ಕೊಡಬೇಕು. ಜನಾಂಗ, ಭಾಷೆ, ಧರ್ಮ, ರಾಷ್ಟ್ರೀಯ ಮೂಲ ನೋಡಿ ಭೇದ ಮಾಡಬಾರದು. ಪೌರರಿಗೆ ಮಾತ್ರ ಅಂತ ಬರೆದಿರುವುದು ಬಹಳ ಕಡಿಮೆ ಕಡೆ. ಮತ ಹಾಕುವುದು, ಚುನಾವಣೆಗೆ ನಿಲ್ಲುವುದು, ಇಂಥವು ಅಷ್ಟೇ. ಉಳಿದ ಕಡೆ ಹಕ್ಕು ಮನುಷ್ಯನಿಗೆ ಅಂಟಿದ್ದು, ಕಾಗದಕ್ಕಲ್ಲ.

ನಮ್ಮ ಸಂವಿಧಾನವೂ ಹೀಗೇ ಇದೆ. 19ನೇ ವಿಧಿಯ ಮಾತಿನ ಸ್ವಾತಂತ್ರ್ಯ, ಎಲ್ಲಿ ಬೇಕಾದರೂ ನೆಲೆಸುವ ಸ್ವಾತಂತ್ರ್ಯ ಪೌರರಿಗೆ ಮಾತ್ರ. ಆದರೆ 14ನೇ ವಿಧಿಯ ಸಮಾನತೆ, 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ 'ಯಾವುದೇ ವ್ಯಕ್ತಿ'ಗೆ. ಬರೆದವರಿಗೆ ವ್ಯಕ್ತಿ ಮತ್ತು ಪೌರ ಎಂಬ ಎರಡು ಪದಗಳ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಈಗ ಎರಡನೇ ಮಾತು. 'ವಿಶ್ವಸಂಸ್ಥೆ ಕಾನೂನು ಇಲ್ಲಿ ನಡೆಯಲ್ಲ.' ಇದರಲ್ಲಿ ನಿಜವೂ ಇದೆ, ಮುಚ್ಚಿಡುವುದಿಲ್ಲ. ಒಡಂಬಡಿಕೆಗೆ ಸಹಿ ಹಾಕಿದ ಮಾತ್ರಕ್ಕೆ ಅದು ನಮ್ಮಲ್ಲಿ ತಾನಾಗಿ ಕಾನೂನು ಆಗುವುದಿಲ್ಲ. ಸಾಮಾನ್ಯವಾಗಿ ಸಂಸತ್ತು ಅದಕ್ಕೊಂದು ಕಾಯ್ದೆ ಮಾಡಬೇಕು. ಜಿನೀವಾದಲ್ಲಿರುವ ಮಾನವ ಹಕ್ಕುಗಳ ಸಮಿತಿಗೆ ನಿಮ್ಮ ಮನೆಕೆಲಸದಾಕೆ ನೇರ ದೂರು ಕೊಡಲೂ ಆಗುವುದಿಲ್ಲ. ಹಾಗೆ ದೂರು ಕೊಡಲು ಅವಕಾಶ ಮಾಡುವ ಪೂರಕ ಒಪ್ಪಂದಕ್ಕೆ ಭಾರತ ಸೇರಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಗೂ ಸೇರಿಲ್ಲ. 1990ರ ವಲಸೆ ಕಾರ್ಮಿಕರ ಒಡಂಬಡಿಕೆಗೂ ಇಲ್ಲ.

ಹಾಗಾದರೆ ಇದೆಲ್ಲ ಬರೀ ಕಾಗದವಾ? ಅಲ್ಲ. ಅದು ಇಲ್ಲಿಗೆ ಬರುವ ದಾರಿ ಬೇರೆ. ಸಂವಿಧಾನದ 51ನೇ ವಿಧಿ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಗೌರವಿಸಲು ಸರ್ಕಾರಕ್ಕೆ ಹೇಳುತ್ತದೆ. 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ, ಕೋರ್ಟುಗಳು ಜಾರಿ ಮಾಡಬಹುದಾದ ಆ ಎರಡು ಒಡಂಬಡಿಕೆಗಳ ಹಕ್ಕುಗಳನ್ನು 'ಮಾನವ ಹಕ್ಕು' ಎಂಬ ಪದದ ಅರ್ಥದೊಳಗೇ ಸೇರಿಸಿದೆ. ಇನ್ನು 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟ ಮಾಡಿತು. ನಮ್ಮ ಕಾನೂನಿಗೆ ವಿರುದ್ಧವಾಗದ ಒಡಂಬಡಿಕೆಗಳನ್ನು ಮೂಲಭೂತ ಹಕ್ಕುಗಳ ಜೊತೆ ಸೇರಿಸಿ ಓದಬೇಕು. ಕಚೇರಿಗಳಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳದ ವಿರುದ್ಧ ಸಮಿತಿಗಳು ಬಂದದ್ದು ಹಾಗೆ. ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕೆಲಸಕ್ಕೆ ಹೋಗುವ ಎಷ್ಟೋ ಹೆಂಗಸರಿಗೆ ಇದರಿಂದ ರಕ್ಷಣೆ ಸಿಕ್ಕಿದೆ. ಆಗ ಯಾರೂ ವಿಶ್ವಸಂಸ್ಥೆ ಕಾನೂನು ಇಲ್ಲಿ ನಡೆಯಲ್ಲ ಅನ್ನಲಿಲ್ಲ, ಅಲ್ವಾ?

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಪ್ರಕರಣ ಅರುಣಾಚಲ ಪ್ರದೇಶದ ಚಕ್ಮಾ ಜನರದ್ದು. 1964ರ ಹೊತ್ತಿಗೆ ಆಗಿನ ಪೂರ್ವ ಪಾಕಿಸ್ತಾನದಿಂದ ಬಂದವರು. ಕಪ್ತಾಯ್ ಅಣೆಕಟ್ಟಿನ ನೀರಿನಲ್ಲಿ ಅವರ ಹೊಲ ಮನೆ ಮುಳುಗಿದ್ದವು. ಮೂವತ್ತು ವರ್ಷ ಕಳೆದ ಮೇಲೆ ಅಲ್ಲಿನ ವಿದ್ಯಾರ್ಥಿ ಸಂಘಟನೆ, ಇಂಥ ದಿನದೊಳಗೆ ರಾಜ್ಯ ಬಿಟ್ಟು ಹೋಗಿ ಎಂದು ಗಡುವು ಕೊಟ್ಟಿತು. ನೋಡಿ, ಗಡುವು ಕೊಟ್ಟದ್ದು ಸರ್ಕಾರವಲ್ಲ, ಖಾಸಗಿ ಜನ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬಂದದ್ದು 1996ರಲ್ಲಿ. ಪೌರನಿರಲಿ, ಇಲ್ಲದಿರಲಿ, ಪ್ರತಿ ಮನುಷ್ಯನ ಜೀವ ಮತ್ತು ಸ್ವಾತಂತ್ರ್ಯ ಕಾಪಾಡುವುದು ಸರ್ಕಾರದ ಹೊಣೆ. ಯಾವ ಗುಂಪೂ ಅವರನ್ನು ಬೆದರಿಸಿ ಓಡಿಸಲು ಬಿಡಬಾರದು, ಬೇಕಾದರೆ ಅರೆಸೇನಾ ಪಡೆ ಕರೆಸಿಯಾದರೂ ತಡೆಯಿರಿ. ಕಾನೂನಿನ ದಾರಿಯಲ್ಲಿ ಹೊರತು ಅವರನ್ನು ಮನೆಗಳಿಂದ ಎಬ್ಬಿಸುವಂತಿಲ್ಲ. ಒಂದು ಅಪಾರ್ಟ್‌ಮೆಂಟಿನ ಸಮಿತಿ ವಿದ್ಯಾರ್ಥಿ ಸಂಘಟನೆಯಷ್ಟು ದೊಡ್ಡದಲ್ಲ, ನಿಜ. ತತ್ವ ಮಾತ್ರ ಅದೇ.

ಇನ್ನೊಂದು 2000ದ ತೀರ್ಪು. ಹೌರಾ ರೈಲು ನಿಲ್ದಾಣದ ಯಾತ್ರಿ ನಿವಾಸದಲ್ಲಿ ಬಾಂಗ್ಲಾದೇಶದ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ಆಯಿತು. ಪರಿಹಾರ ಕೊಡಬೇಕಾದಾಗ ರೈಲ್ವೆ ಎತ್ತಿದ ವಾದಗಳಲ್ಲಿ ಒಂದು, ಆಕೆ ವಿದೇಶಿ ಎಂಬುದು. ಸುಪ್ರೀಂ ಕೋರ್ಟ್ 1948ರ ಘೋಷಣೆಯನ್ನೇ ಎದುರಿಗಿಟ್ಟುಕೊಂಡು ಆ ವಾದ ತಳ್ಳಿಹಾಕಿತು. ಹೈಕೋರ್ಟ್ ಹೇಳಿದ್ದ ಹತ್ತು ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ನಿಮ್ಮ ಮೀಟಿಂಗ್‌ನಲ್ಲಿ ಕೇಳಿದ ವಾದವನ್ನು ದೇಶದ ಅತಿ ದೊಡ್ಡ ಕೋರ್ಟ್ ಒಮ್ಮೆ ಕೇಳಿ, ಒಪ್ಪದೆ ಬಿಟ್ಟಿದೆ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಒಬ್ಬ ವ್ಯಕ್ತಿ ನಿಜವಾಗಿಯೂ ಕಾಗದವಿಲ್ಲದೆ ಗಡಿ ದಾಟಿ ಬಂದಿದ್ದರೆ, ಅವರನ್ನು ವಾಪಸ್ ಕಳಿಸುವ ಅಧಿಕಾರ ಸರ್ಕಾರಕ್ಕೆ ಇದೆ. ಅಂತರರಾಷ್ಟ್ರೀಯ ಕಾನೂನು ಅದನ್ನು ಅಲ್ಲಗಳೆಯುವುದಿಲ್ಲ. ನಾಗರಿಕ ಹಕ್ಕುಗಳ ಒಡಂಬಡಿಕೆಯಲ್ಲಿ ವಿದೇಶಿಯರನ್ನು ಹೊರಹಾಕುವ ಕುರಿತ 13ನೇ ವಿಧಿಯ ವಿಷಯದಲ್ಲಿ ಭಾರತ, ತನ್ನದೇ ವಿದೇಶಿಯರ ಕಾನೂನನ್ನು ಅನ್ವಯಿಸುವ ಹಕ್ಕು ಉಳಿಸಿಕೊಂಡಿದೆ. 2021ರಲ್ಲಿ, ಮ್ಯಾನ್ಮಾರ್‌ನಿಂದ ಜೀವ ಉಳಿಸಿಕೊಳ್ಳಲು ಓಡಿಬಂದ ರೋಹಿಂಗ್ಯಾ ಜನರ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಗಡಿಪಾರನ್ನು ಪೂರ್ತಿ ತಡೆಯಲಿಲ್ಲ. ನಿಗದಿಯಾದ ವಿಧಾನ ಪಾಲಿಸದೆ ಕಳಿಸುವಂತಿಲ್ಲ ಎಂದಿತು ಅಷ್ಟೇ. ಕೊಲೆ, ಹಿಂಸೆ ಕಾದಿರುವ ಕಡೆಗೆ ಯಾರನ್ನೂ ತಳ್ಳಬಾರದು ಎಂಬುದು ಜಗತ್ತು ಒಪ್ಪಿದ ನಿಯಮ. ಆ ದೃಷ್ಟಿಯಿಂದ ಆ ಆದೇಶ ನನಗೆ ಇವತ್ತಿಗೂ ನೋವು ತರುತ್ತದೆ.

ಆದರೆ ಕಳಿಸುವ ಅಧಿಕಾರ ಯಾರದು, ಮತ್ತು ಹೇಗೆ? ಇಲ್ಲೇ ಎಲ್ಲ ನಿಂತಿದೆ. ಒಬ್ಬರು ವಿದೇಶಿಯೋ ಅಲ್ಲವೋ ಎಂದು ತೀರ್ಮಾನಿಸುವುದು ಸರ್ಕಾರದ ಅಧಿಕಾರಿಗಳು. ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ವಿಚಾರಿಸಿ, ಹೇಳಿಕೊಳ್ಳಲು ಅವಕಾಶ ಕೊಟ್ಟು. ವಿದೇಶಿಯರ ಕಾನೂನಿನಲ್ಲಿ ರುಜುವಾತಿನ ಹೊರೆ ಆ ವ್ಯಕ್ತಿಯ ಮೇಲೇ ಇದೆ. ಆದರೂ 2024ರಲ್ಲಿ ಅಸ್ಸಾಂನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸುಮ್ನೆ ಯಾರದೋ ಬಾಗಿಲು ತಟ್ಟಿ ನೀನು ವಿದೇಶಿ, ಅಲ್ಲವೆಂದು ತೋರಿಸು ಎನ್ನುವಂತಿಲ್ಲ. ಮೊದಲು ಅಧಿಕಾರಿಗಳ ಕೈಯಲ್ಲಿ ಏನಾದರೂ ಆಧಾರ ಇರಬೇಕು. ಹನ್ನೆರಡು ವರ್ಷ ಹಿಂದೆ ವಿದೇಶಿ ಎಂದು ಘೋಷಿಸಲಾಗಿದ್ದ ಆ ಮನುಷ್ಯ ಭಾರತೀಯನೇ ಎಂದು ಕೋರ್ಟ್ ಹೇಳಿತು. ಹೆಸರು, ವಯಸ್ಸಿನ ಸಣ್ಣಪುಟ್ಟ ವ್ಯತ್ಯಾಸಗಳೇ ಅವನಿಗೆ ಮುಳುವಾಗಿದ್ದವು. ನಮ್ಮ ಮನೆಗಳಲ್ಲೇ ಅಪ್ಪನ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಥರ, ಪಹಣಿಯಲ್ಲಿ ಇನ್ನೊಂದು ಥರ ಇರುವುದಿಲ್ಲವಾ?

ಭಾಷೆ ಕೇಳಿ ದೇಶ ಹೇಳುವುದಂತೂ ಆಗದ ಕೆಲಸ. ಬಂಗಾಳಿ ಪಶ್ಚಿಮ ಬಂಗಾಳದ ಭಾಷೆ. ತ್ರಿಪುರಾದಲ್ಲಿ ಹೆಚ್ಚಿನವರ ಭಾಷೆ. ಅಸ್ಸಾಂನ ಬರಾಕ್ ಕಣಿವೆಯಲ್ಲಿ ಅದೇ ಅಧಿಕೃತ ಭಾಷೆ. 2020ರ ಜನವರಿಯಲ್ಲಿ ನಿಮ್ಮಿಂದ ಸ್ವಲ್ಪ ದೂರದಲ್ಲೇ, ಕರಿಯಮ್ಮನ ಅಗ್ರಹಾರದಲ್ಲಿ, ಇದೇ ಮಾತಿನ ಮೇಲೆ ಶೆಡ್‌ಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಷ್ಟೇ ಅಲ್ಲ, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಎಷ್ಟೋ ಜನ ಮತದಾರರ ಚೀಟಿ ಕೈಯಲ್ಲಿ ಹಿಡಿದು ನಿಂತಿದ್ದರು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೈಕೋರ್ಟಿಗೆ ಹೋಯಿತು. ಕೋರ್ಟ್ ತೆರವಿಗೆ ತಡೆ ಕೊಟ್ಟು, ಯಾವ ಆಧಾರದ ಮೇಲೆ ಇವರನ್ನೆಲ್ಲ ಬಾಂಗ್ಲಾದವರು ಅಂದಿರಿ ಎಂದು ಕೇಳಿತು. ಆದರೆ ತಡೆ ಬರುವ ಹೊತ್ತಿಗೆ ಎಷ್ಟೋ ಶೆಡ್ ನೆಲಕ್ಕೆ ಬಿದ್ದಾಗಿತ್ತು.

ಅಲ್ಪಸಂಖ್ಯಾತರ ವಿಷಯವೂ ಇದರೊಳಗೇ ಇದೆ. ನಾಗರಿಕ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ ಹೇಳುತ್ತದೆ: ಧರ್ಮ, ಭಾಷೆ, ಬುಡಕಟ್ಟಿನ ಅಲ್ಪಸಂಖ್ಯಾತರಿಗೆ ತಮ್ಮವರ ಜೊತೆ ಸೇರಿ ತಮ್ಮ ಸಂಸ್ಕೃತಿ ಬಾಳುವ, ಧರ್ಮ ಆಚರಿಸುವ, ಭಾಷೆ ಆಡುವ ಹಕ್ಕನ್ನು ನಿರಾಕರಿಸಬಾರದು. ಇದು ಪೌರರಿಗೆ ಮಾತ್ರವಲ್ಲ, ವಲಸೆ ಕಾರ್ಮಿಕರಿಗೂ ಅನ್ವಯಿಸುತ್ತದೆ ಎಂದು ಮಾನವ ಹಕ್ಕುಗಳ ಸಮಿತಿ 1994ರಲ್ಲಿ ವಿವರಿಸಿದೆ. ಕನ್ನಡದವರಾದ ನಮಗೆ ಇದು ದೂರದ ಮಾತಲ್ಲ. ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ, ಅಕ್ಕಲಕೋಟೆಯಲ್ಲಿ ನಾವೇ ಅಲ್ಪಸಂಖ್ಯಾತರು. ಕಾಸರಗೋಡಿನ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದರೆ ನಮಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಆ ಸಿಟ್ಟು ನ್ಯಾಯವಾದರೆ, ಗೋಡೆಯಾಚೆ ಬಂಗಾಳಿಯಲ್ಲಿ ಮಗುವನ್ನು ಮಲಗಿಸುವ ತಾಯಿಯ ಭಾಷೆಯನ್ನು ಅವಳ ಅಪರಾಧಕ್ಕೆ ಸಾಕ್ಷಿ ಮಾಡಲಾಗದು.

ವಲಸೆಯೂ ಹಾಗೇ. ನಾನು ಕುಂದಾಪುರ ಕಡೆಯವನು. ನಮ್ಮೂರಿನಲ್ಲಿ ಮನೆಗೊಬ್ಬರು ಗಲ್ಫಿಗೆ ಹೋದವರು. ನನ್ನ ಭಾವ ಹನ್ನೊಂದು ವರ್ಷ ಅಲ್ಲಿ ದುಡಿದರು. ಇಳಿದ ದಿನವೇ ಕಫೀಲ, ಅಂದರೆ ಅವರಿಗೆ ವೀಸಾ ಕೊಟ್ಟ ಮಾಲೀಕ, ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡ. ಅಕ್ಕನ ಹೆರಿಗೆಗೆ ಬರಬೇಕೆಂದರೆ ಕೊಡಲಿಲ್ಲ. ಮಗುವಿಗೆ ಎರಡು ವರ್ಷ ತುಂಬಿದ ಮೇಲೆ ಅವರು ಅದರ ಮುಖ ನೋಡಿದ್ದು. ಆಗ ನಾನು ಕಾನೂನು ಓದುತ್ತಿದ್ದೆ. 1990ರ ವಲಸೆ ಕಾರ್ಮಿಕರ ಒಡಂಬಡಿಕೆ ನನ್ನ ಕಣ್ಣಿಗೆ ಬಿದ್ದದ್ದು ಅದೇ ಕಾಲಕ್ಕೆ. ಅದರ 21ನೇ ವಿಧಿ, ಕಾನೂನಿನ ಅಧಿಕಾರ ಇರುವ ಸರ್ಕಾರಿ ಅಧಿಕಾರಿ ಬಿಟ್ಟು ಬೇರೆ ಯಾರೂ ವಲಸಿಗರ ಗುರುತಿನ ಪತ್ರ ಕಿತ್ತುಕೊಳ್ಳುವಂತಿಲ್ಲ ಅನ್ನುತ್ತದೆ. ಕಾಗದವಿಲ್ಲದೆ ಬಂದ ಕಾರ್ಮಿಕರಿಗೂ ತುರ್ತು ಚಿಕಿತ್ಸೆ ನಿರಾಕರಿಸಬಾರದು, ಮಕ್ಕಳಿಗೆ ಶಾಲೆ ತಪ್ಪಿಸಬಾರದು ಎಂದೂ ಹೇಳುತ್ತದೆ. ಎಷ್ಟು ಒಳ್ಳೆಯ ಕಾಗದ! ಆದರೆ ಕೊಲ್ಲಿಯ ಶ್ರೀಮಂತ ದೇಶಗಳು ಸೇರಿಲ್ಲ. ಅಮೆರಿಕ ಇಲ್ಲ. ಭಾರತವೂ ಇಲ್ಲ. ಸೇರಿದ ಸುಮಾರು 60 ದೇಶಗಳಲ್ಲಿ ಜಾಸ್ತಿ ಜನರನ್ನು ಹೊರಗೆ ಕಳಿಸುವ ದೇಶಗಳೇ ಹೆಚ್ಚು. ಕರೆಸಿಕೊಂಡು ದುಡಿಸುವವರು ಹೊರಗೇ ಉಳಿದಿದ್ದಾರೆ.

ಇದನ್ನು ಹೇಳಲು ಕಾರಣವಿದೆ. ಬೆಂಗಳೂರಿನಲ್ಲೂ ಕೆಲವು ಮೇಸ್ತ್ರಿಗಳು, ಕಂಟ್ರಾಕ್ಟರ್‌ಗಳು ಕಾರ್ಮಿಕರ ಆಧಾರ್, ಮತದಾರರ ಚೀಟಿ 'ಜೋಪಾನಕ್ಕೆ' ಅಂತ ಇಟ್ಟುಕೊಳ್ಳುತ್ತಾರೆ. ನಿಮ್ಮ ಅಪಾರ್ಟ್‌ಮೆಂಟ್‌ನ ಸೆಕ್ಯೂರಿಟಿ ಆಫೀಸಿನಲ್ಲಿ ಯಾರದಾದರೂ ಅಸಲು ಕಾರ್ಡ್ ಇದ್ದರೆ ಇವತ್ತೇ ವಾಪಸ್ ಕೊಡಿಸಿ. ಪೊಲೀಸರು ಬಂದ ರಾತ್ರಿ ಆ ಒಂದು ಕಾರ್ಡ್ ಜೇಬಿನಲ್ಲಿ ಇಲ್ಲದಿದ್ದರೆ ಏನಾಗಬಹುದು ಯೋಚಿಸಿ.

ಇನ್ನು ನೀರು. ಈ ಮಾತಿಗೆ ನನಗೆ ಜಾಸ್ತಿ ಸಂಕಟವಾಯಿತು. ನೀರಿನ ಹಕ್ಕನ್ನು 2010ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕು ಎಂದು ಒಪ್ಪಿದೆ. 2014ರಲ್ಲಿ ಬಾಂಬೆ ಹೈಕೋರ್ಟ್, ಅಕ್ರಮ ಗುಡಿಸಲಿನಲ್ಲಿ ಇದ್ದಾರೆ ಎಂಬ ಕಾರಣಕ್ಕೆ ಕುಡಿಯುವ ನೀರು ಕೊಡದೆ ಇರುವಂತಿಲ್ಲ ಎಂದು ಮುಂಬೈ ಪಾಲಿಕೆಗೆ ಹೇಳಿತು. ಈ ಹೊಣೆ ಸರ್ಕಾರದ್ದು, ನಿಮ್ಮ ಬೋರ್‌ವೆಲ್‌ನದ್ದಲ್ಲ, ಒಪ್ಪುತ್ತೇನೆ. ನಿಮ್ಮ ನೀರು ಕಡಿಮೆ ಇದ್ದರೆ ಕೊಡಲಾಗದು ಅನ್ನುವುದು ಬೇರೆ. ಜನ ಜಾಗ ಬಿಟ್ಟು ಹೋಗಲಿ ಎಂದು ನೀರು ನಿಲ್ಲಿಸುವುದು ಬೇರೆ. ಎರಡನೆಯದು ಮಕ್ಕಳ ಬಾಯಾರಿಕೆಯನ್ನು ಆಯುಧ ಮಾಡಿಕೊಂಡಂತೆ. ಪಾಲಿಕೆಗೆ, ಜಲಮಂಡಳಿಗೆ ಪತ್ರ ಬರೆದು ಅಲ್ಲಿಗೆ ಟ್ಯಾಂಕರ್ ತರಿಸಿ. ಅಸೋಸಿಯೇಷನ್ ಲೆಟರ್‌ಹೆಡ್‌ನಲ್ಲಿ ಹೋದರೆ ಬೇಗ ನೋಡುತ್ತಾರೆ.

ನಿಮ್ಮ ನೆರೆಯವರ ದೂರಿನಲ್ಲಿ ನಿಜವಾದ ತೊಂದರೆಯೂ ಇರಬಹುದು. ಪ್ಲಾಸ್ಟಿಕ್ ಸುಡುವ ಹೊಗೆ, ಚರಂಡಿಯ ವಾಸನೆ. ಅದನ್ನು ಅದರ ಹೆಸರಿನಲ್ಲೇ ಹೇಳಲಿ. ಶೆಡ್ಡಿಗಿಷ್ಟು ಅಂತ ತಿಂಗಳು ತಿಂಗಳು ಬಾಡಿಗೆ ವಸೂಲಿ ಮಾಡಿ, ಐವತ್ತು ಕುಟುಂಬಕ್ಕೆ ಎರಡು ಶೌಚಾಲಯವನ್ನೂ ಕಟ್ಟಿಸದ ಜಾಗದ ಓನರ್ ಎದುರು ಮೊದಲು ಈ ಪ್ರಶ್ನೆ ಇಡಬೇಕು. ಓನರ್ ಕೂಡ ರಾತ್ರೋರಾತ್ರಿ ಎಬ್ಬಿಸುವಂತಿಲ್ಲ. ಬಾಡಿಗೆ ತೆಗೆದುಕೊಂಡವರು ಕಾನೂನಿನ ದಾರಿ ಹಿಡಿಯಬೇಕು.

ಪೊಲೀಸರು ಪರಿಶೀಲನೆಗೆ ಬಂದರೆ ತಡೆಯಬೇಡಿ, ಅದು ಅವರ ಕೆಲಸ. ಆದರೆ ಯಾರನ್ನಾದರೂ ಕರೆದುಕೊಂಡು ಹೋದರೆ, ಎಲ್ಲಿಗೆ, ಯಾವ ಕಾರಣಕ್ಕೆ ಎಂದು ಕೇಳುವ ಹಕ್ಕಿದೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿಯ ಈ ಮಾತೂ 'ವ್ಯಕ್ತಿ'ಗೆ ಹೇಳಿದ್ದು. ಉಚಿತ ವಕೀಲರ ನೆರವಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಹೆಂಗಸರಿಗೆ, ಮಕ್ಕಳಿಗೆ ಈ ನೆರವು ಆದಾಯ ನೋಡದೆ ಸಿಗುತ್ತದೆ. ಈ ಸಂಖ್ಯೆಯನ್ನು ನಿಮ್ಮ ಮನೆಕೆಲಸದಾಕೆಯ ಫೋನಿನಲ್ಲಿ ಸೇವ್ ಮಾಡಿಕೊಡಿ. ಆಕೆಗೆ ಕೊಡುವ ಸಂಬಳವನ್ನು ಬ್ಯಾಂಕಿನ ಮೂಲಕ ಕೊಟ್ಟರೆ, ಇಷ್ಟು ವರ್ಷ ಇಲ್ಲೇ ದುಡಿದಿದ್ದಾಳೆ ಎನ್ನುವುದಕ್ಕೆ ಒಂದು ದಾಖಲೆಯೂ ಆಗುತ್ತದೆ.

ಕೊನೆಗೆ ಆ ಮಗು. ಇದು ಎಲ್ಲಕ್ಕಿಂತ ಸುಲಭದ ಪ್ರಶ್ನೆ, ಆದರೂ ಮೊದಲು ಆಗಬೇಕಾದ ಕೆಲಸ. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯಿಸುತ್ತದೆ. ಅದರಲ್ಲಿ ಪೌರತ್ವದ ಮಾತೇ ಇಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು 14ನೇ ಸೆಕ್ಷನ್ ಹೇಳುತ್ತದೆ. ಎಂಟು ವರ್ಷದ ಮಗುವನ್ನು ಅದರ ವಯಸ್ಸಿಗೆ ಸರಿಯಾದ ತರಗತಿಗೇ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ ಎಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹತ್ತಿರದ ಸರ್ಕಾರಿ ಕನ್ನಡ ಶಾಲೆಗೆ ಆ ತಾಯಿಯ ಜೊತೆ ನೀವೇ ಹೋಗಿ. ನಾನು ನೋಡಿದ ಇಂಥ ಶಾಲೆಗಳಲ್ಲಿ ಅಸ್ಸಾಂ, ಬಿಹಾರ, ನೇಪಾಳದ ಮಕ್ಕಳು ಆರು ತಿಂಗಳಲ್ಲಿ ನಮ್ಮ ಮಕ್ಕಳಷ್ಟೇ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಮುಖ್ಯ ಶಿಕ್ಷಕರು ಮತ್ತೆ ಆಗಲ್ಲ ಅಂದರೆ, ಜಗಳ ಬೇಡ. ಯಾವ ಕಾರಣಕ್ಕೆ ಆಗಲ್ಲ ಎಂದು ಬರೆದುಕೊಡಿ ಅನ್ನಿ. ಅನೇಕ ಸಲ ಅಷ್ಟಕ್ಕೇ ರಿಜಿಸ್ಟರ್ ತೆರೆಯುತ್ತಾರೆ. ತೆರೆಯದಿದ್ದರೆ ಅದೇ ದಿನ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲ್ ಹಾಕಿಸಿಕೊಂಡು ಬನ್ನಿ.